ಸೌದೆಯ ಕಾಲಂನಲ್ಲಿ ಸೊನ್ನೆ

ಹೇಳಿದ್ದರಲ್ಲಿ ಸುಳ್ಳೇನಿದೆ ಎಂದು ಅಳಿಯ ಬಾಯಲ್ಲಿದ್ದ ತುತ್ತನ್ನು ಅಗಿಯುವುದನ್ನು ನಿಲ್ಲಿಸಿ ಯೋಚಿಸಿದ. ಆಫೀಸಿನ ಲೆಕ್ಕದ ಹಾಳೆಯಲ್ಲಿ ಹಾಗೆಯೇ ಇತ್ತು. ಕಲ್ಲಿದ್ದಲಿನ ಎದುರು ಒಂದು ಉದ್ದನೆಯ ಅಂಕಿ, ಡೀಸೆಲ್ಲಿನ ಎದುರು ಇನ್ನೊಂದು, ಸೌದೆಯ ಎದುರು ಸೊನ್ನೆ. ಎಷ್ಟೋ ಸಲ ಅವನೇ ಆ ಸೊನ್ನೆಯನ್ನು ಒಂದು ಹಾಳೆಯಿಂದ ಇನ್ನೊಂದಕ್ಕೆ ಇಳಿಸಿದ್ದ. ಯಾಕೆ ಸೊನ್ನೆ ಎಂದು ಕೇಳಿರಲಿಲ್ಲ, ನಿಜ. ಕೇಳದೆ ಇಳಿಸಿದ ಮಾತ್ರಕ್ಕೆ ಸೊನ್ನೆ ಬೇರೇನಾದರೂ ಆಗಿಬಿಡುತ್ತದೆಯೇ? ಆಗುವುದಿಲ್ಲ. ಆಗಲಾರದು. ಹಾಗಿದ್ದ ಮೇಲೆ ಇವರೆಲ್ಲ ಊಟ ಬಿಟ್ಟು ತನ್ನನ್ನೇ ಯಾಕೆ ನೋಡುತ್ತಿದ್ದಾರೆ?

ನೋಡುತ್ತಿದ್ದವರಲ್ಲಿ ಮೊದಲನೆಯವರು ಮಾವ. ಬೀದಿಯ ಮೂಲೆಯ ಬೇಕರಿ ಅವರದು. ಬೇಕರಿಯ ಹಿಂಭಾಗದ ಮನೆ ಅವರದು. ಆ ಮನೆಯ ಹಿಂಬದಿಯ ಒಂದು ಕೋಣೆಯಲ್ಲಿ ಮಗಳ ಜೊತೆ ವಾಸವಾಗಿರುವ ಈ ಅಳಿಯನೂ ಒಂದು ಲೆಕ್ಕದಲ್ಲಿ ಅವರದೇ. ಎರಡನೆಯವನು ಭಾವಮೈದ. ಬೇಕರಿಯ ಬ್ರೆಡ್ಡನ್ನು ಸ್ಕೂಟರಿನಲ್ಲಿ ಅಂಗಡಿಗಳಿಗೆ ಮುಟ್ಟಿಸುವುದು ಅವನ ಕೆಲಸ, ಅಳಿಯನನ್ನು ಚುಚ್ಚುವುದು ಬಿಡುವಿನ ವೇಳೆಯ ಕೆಲಸ. ಮೂರನೆಯವಳು ಹೆಂಡತಿ. ಅವಳು ನೋಡುತ್ತಿದ್ದ ರೀತಿಯೇ ಬೇರೆ. ಗಂಡ ಹೇಳಿದ ಮಾತು ಇನ್ನು ವಾಪಸ್ಸು ಬರುವುದಿಲ್ಲ ಎಂಬುದು ಅವಳಿಗೆ ಆಗಲೇ ತಿಳಿದುಹೋಗಿತ್ತು.

ಮೇಜಿನ ನಡುವೆ, ಉಪ್ಪಿನ ಡಬ್ಬಿಯ ಕೆಳಗೆ, ನಗರಸಭೆಯ ನೋಟಿಸ್ ಇತ್ತು. ಬೆಳಗ್ಗೆ ಬೇಕರಿಯ ಬಾಗಿಲಿಗೆ ಅಂಟಿಸಿ ಹೋಗಿದ್ದರು. ಸೌದೆ ಭಟ್ಟಿಯ ಹೊಗೆಯಿಂದ ನೆರೆಹೊರೆಯವರಿಗೆ ತೊಂದರೆಯೆಂದು ದೂರು ಬಂದಿದೆ. ಶುಕ್ರವಾರ ಇನ್‌ಸ್ಪೆಕ್ಟರು ಖುದ್ದಾಗಿ ಬಂದು ನೋಡುತ್ತಾರೆ. ದೂರು ನಿಜವೆಂದು ಕಂಡರೆ ಭಟ್ಟಿಗೆ ಬೀಗಮುದ್ರೆ. ಆ ಭಟ್ಟಿಯನ್ನು ಮಾವನ ತಂದೆ ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟು ಕಟ್ಟಿದ್ದರು. ಮನೆಯ ಅನ್ನ, ಬಟ್ಟೆ, ಭಾವಮೈದನ ಸ್ಕೂಟರು, ಎಲ್ಲವೂ ಅದರ ಬಾಯಿಂದ ಬಂದದ್ದು.

ಊಟಕ್ಕೆ ಕೂತಾಗ ಆ ಮಾತು ತೆಗೆದವನು ಭಾವಮೈದ.

"ಭಾವ, ನಿಮ್ಮದು ದೇಶದ ಹೊಗೆ ಎಣಿಸೋ ಆಫೀಸಲ್ವಾ? ಅಲ್ಲಿ ಯಾರಾದ್ರೂ ದೊಡ್ಡವರು ಗೊತ್ತಿದ್ದಾರಾ, ಇಲ್ಲಾ ನೀವು ಹೊಗೆ ಹೋಗಲಿ ಅಂತ ಕಿಟಕಿ ತೆಗೆಯೋರಾ?"

ಅಳಿಯನ ಕಚೇರಿ ದೇಶದಲ್ಲಿ ಯಾವ ಯಾವ ಇಂಧನ ಸುಟ್ಟು ಎಷ್ಟೆಷ್ಟು ಇಂಗಾಲ ಆಕಾಶಕ್ಕೆ ಹೋಯಿತೆಂದು ವರ್ಷ ವರ್ಷ ಲೆಕ್ಕ ಹಾಕುವ ಕಚೇರಿ. ಲೆಕ್ಕ ಹಾಕುವವರು ಬೇರೆ. ಅಳಿಯ ತಾತ್ಕಾಲಿಕ ನೌಕರ, ಅಂಕಿಗಳನ್ನು ಕಂಪ್ಯೂಟರಿಗೆ ತುಂಬುವವನು. ಈ ವಿವರವನ್ನು ಮದುವೆಯ ಮಾತುಕತೆಯಲ್ಲಿ ಯಾರೂ ಕೇಳಿರಲಿಲ್ಲ. ಅವನೂ ಹೇಳಿ ಯಾರ ಸಮಯವನ್ನೂ ಹಾಳು ಮಾಡಿರಲಿಲ್ಲ.

ಆಗ ಅವನು ಹೇಳಿದ್ದು ಇಷ್ಟೇ: "ದೊಡ್ಡವರು ಯಾಕೆ ಬೇಕು? ಸೌದೆ ಹೊಗೆಗೆ ನಮ್ಮ ಲೆಕ್ಕದಲ್ಲಿ ಸೊನ್ನೆ. ಇಡೀ ದೇಶದ ಲೆಕ್ಕದಲ್ಲೇ ಸೊನ್ನೆ."

ಮಾವ ಕೈಯಲ್ಲಿದ್ದ ಚಮಚವನ್ನು ತಟ್ಟೆಯ ಅಂಚಿಗೆ ಒರಗಿಸಿದರು. ಮದುವೆಯಾದಂದಿನಿಂದ ಅವರು ಅಳಿಯನ ಜೊತೆ ನೇರವಾಗಿ ಮಾತಾಡಿದ್ದಿಲ್ಲ. ಏನಿದ್ದರೂ ಮಗಳ ಮೂಲಕ. "ಅವರಿಗೆ ಉಪ್ಪು ಬೇಕಾ ಕೇಳು." "ಅವರ ಚಪ್ಪಲಿ ಬಾಗಿಲಿಗೆ ಅಡ್ಡ ಇದೆ ಅಂತ ಹೇಳು." ಅಳಿಯ ಅಲ್ಲೇ, ಕೈಗೆ ಸಿಗುವಷ್ಟು ಹತ್ತಿರ ಕೂತಿದ್ದರೂ ಮಾತು ಮಗಳ ದಾರಿಯಲ್ಲೇ ಸುತ್ತಿ ಬರುತ್ತಿತ್ತು. ಈಗ ಅವರು ಅಳಿಯನ ಕಣ್ಣನ್ನೇ ನೋಡಿ ಕೇಳಿದರು.

"ಇನ್ನೊಂದ್ಸಲ ಹೇಳಿ."

"ಸೊನ್ನೆ, ಮಾವ."

"ಬರೆದಿದ್ದಾರಾ?"

"ನಾನೇ ತುಂಬಿದ್ದೀನಿ."

ಮಾವ ಎದ್ದು ಬೇಕರಿಗೆ ಹೋದರು. ಹಿಂತಿರುಗಿದಾಗ ಅವರ ಕೈಯಲ್ಲಿ ಆಗತಾನೇ ಭಟ್ಟಿಯಿಂದ ತೆಗೆದ ಬನ್ನಿತ್ತು. ಅದನ್ನು ಮಗನ ತಟ್ಟೆಯನ್ನು ದಾಟಿಸಿ ಅಳಿಯನ ತಟ್ಟೆಗೆ ಹಾಕಿದರು. ಭಾವಮೈದ ಬನ್ನು ಗಾಳಿಯಲ್ಲಿ ಸಾಗಿದ ದಾರಿಯನ್ನು ಕಣ್ಣಲ್ಲೇ ಹಿಂಬಾಲಿಸಿದ. ಬಿಸಿ ಬನ್ನನ್ನು ಹೀಗೆ ಒಬ್ಬ ಮನುಷ್ಯನ ತಟ್ಟೆಗೆ ಹಾಕಿದ ಮೇಲೆ ಅವನು ಆಡಿದ ಮಾತನ್ನು ಹಿಂತೆಗೆದುಕೊಳ್ಳಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಸೋಮವಾರದ ಹೊತ್ತಿಗೆ ಬೀದಿಯಲ್ಲಿ ಸೊನ್ನೆಯ ಸುದ್ದಿ ತಿಳಿಯದವರು ಇರಲಿಲ್ಲ. ಬ್ರೆಡ್ ಕೊಳ್ಳಲು ಬಂದವರಿಗೆಲ್ಲ ಮಾವ ಚಿಲ್ಲರೆಯ ಜೊತೆ ಅದನ್ನೂ ಕೊಟ್ಟರು. "ನಮ್ಮ ಅಳಿಯಂದಿರ ಆಫೀಸಲ್ಲಿ ನಮ್ಮ ಭಟ್ಟಿ ಹೊಗೆಗೆ ಸೊನ್ನೆ ಹಾಕಿದ್ದಾರೆ" ಎಂದು ಬೆಳಗ್ಗೆ ಹೊರಟ ಮಾತು ಸಂಜೆಗೆ "ಅಳಿಯಂದಿರು ಹಾಕಿದ್ದಾರೆ" ಎಂದಾಗಿ ಹಿಂತಿರುಗಿತು. ಮಾವ ತಿದ್ದಲಿಲ್ಲ. ಅಳಿಯನೂ ತಿದ್ದಲಿಲ್ಲ. ಅವನನ್ನು ಕಂಡ ಕೂಡಲೇ ಕಟಿಂಗ್ ಶಾಪಿನವರು ಕುರ್ಚಿ ಒರೆಸತೊಡಗಿದರು. ಅವನಿಗೊಂದು ಬಿರುದೂ ಬಂತು: ಹೊಗೆ ಸಾಹೇಬರು.

ಮಂಗಳವಾರ ಲಾಂಡ್ರಿಯವರು ಮನೆಗೆ ಬಂದರು. ಬೇಕರಿಯ ಎದುರಿಗೇ ಅವರ ಲಾಂಡ್ರಿ. ನೀರು ಕಾಯಿಸಲು ಅವರು ಗ್ಯಾಸ್ ಹಾಕಿಸಿಕೊಂಡು ಬಹಳ ದಿನವಾಗಿತ್ತು. ಹಳೆಯ ಸೌದೆ ಬಾಯ್ಲರು ಹಿತ್ತಲಲ್ಲಿ ತುಕ್ಕು ಹಿಡಿಯುತ್ತಿತ್ತು.

"ಸಾಹೇಬ್ರೇ, ಗ್ಯಾಸಿಗೆ ಲೆಕ್ಕ ಇದೆಯಾ?"

"ಇದೆ."

"ಸೌದೆಗೆ?"

ಅಳಿಯ ಹೆಂಡತಿಯ ಕಡೆ ನೋಡಿದ. ಅವಳು ಬಟ್ಟೆ ಮಡಿಸುತ್ತಿದ್ದಳು, ಒಂದೇ ಟವೆಲ್ಲನ್ನು ಎರಡನೆಯ ಸಲ.

"ಸೊನ್ನೆ" ಎಂದ ಅಳಿಯ.

"ನೋಡಿ ಮತ್ತೆ. ಇಷ್ಟು ದಿನ ದೇಶಕ್ಕೆ ನಾನೇ ದ್ರೋಹ ಮಾಡ್ತಾ ಇದ್ದೆ."

ಮರುದಿನ ಲಾಂಡ್ರಿಯ ಹಿತ್ತಲಿನಿಂದಲೂ ಹೊಗೆ ಏಳತೊಡಗಿತು. ಕಪ್ಪು, ದಪ್ಪ, ಹಳೆಯ ಬಾಯ್ಲರಿನ ತುಕ್ಕಿನ ವಾಸನೆಯಿದ್ದ ಹೊಗೆ. ಅದು ಬೇಕರಿಯ ಹೊಗೆಯನ್ನು ಬೀದಿಯ ನಡುವೆ ಸಂಧಿಸಿ, ಎರಡೂ ಸೇರಿ ಮೇಲಿನ ಮನೆಯ ಟೀಚರ ಕಿಟಕಿಯ ಕಡೆ ನಡೆದವು.

ದೂರು ಕೊಟ್ಟವರು ಈ ಟೀಚರೇ. ನಿವೃತ್ತ ಗಣಿತದ ಟೀಚರು. ಅರ್ಧ ಬೀದಿಗೆ, ಅಳಿಯನ ಹೆಂಡತಿಗೂ, ಭಾಗಾಕಾರ ಕಲಿಸಿದವರು. ಬೇಕರಿಯ ಪಕ್ಕದ ಕಟ್ಟಡದ ಮೇಲಿನ ಮಹಡಿಯಲ್ಲಿ ಒಬ್ಬರೇ ಇದ್ದರು, ಉಸಿರಾಟದ ತೊಂದರೆ ಇತ್ತು. ಅವರ ಮಲಗುವ ಕೋಣೆಯ ಕಿಟಕಿ ಮತ್ತು ಬೇಕರಿಯ ಚಿಮಣಿಯ ಬಾಯಿ ಒಂದೇ ಎತ್ತರದಲ್ಲಿ, ಎದುರುಬದುರು ಕೂತು ಮಾತಾಡುವ ಇಬ್ಬರ ಹಾಗೆ ಇದ್ದವು. ದೂರು ಕೊಡುವ ಮೊದಲು ಅವರು ಮಾವನಿಗೆ ಬಾಯಿಮಾತಿನಲ್ಲಿ ಹೇಳಿ ನೋಡಿದ್ದರು. ಮಾವ ಚಿಮಣಿ ಎತ್ತರಿಸಲು ತಗಡಿನ ಕೆಲಸದವನಿಗೆ ಹೇಳಿಯೂ ಇದ್ದರು. ಈಗ ಅವನನ್ನು ಬರಬೇಡವೆಂದರು.

"ಇಲ್ಲದೇ ಇರೋ ಹೊಗೆಗೆ ಎತ್ತರದ ಚಿಮಣಿ ಯಾಕೆ?" ಎಂದು ಅವರು ಕೇಳಿದಾಗ ತಗಡಿನವನು ಅಳತೆಯ ಟೇಪು ಸುತ್ತಿಕೊಂಡು ಹೊರಟ.

ಅಷ್ಟಕ್ಕೇ ನಿಂತಿದ್ದರೆ ಅಳಿಯ ಶುಕ್ರವಾರದವರೆಗೆ ಹೇಗೋ ನಿದ್ದೆ ಮಾಡುತ್ತಿದ್ದ. ಆದರೆ ಬುಧವಾರ ಬೆಳಗ್ಗೆ ಬೇಕರಿಗೆ ಹೋದಾಗ ಮಾವ ಭಟ್ಟಿಯ ಬಾಯಿಗೆ ಬಗ್ಗಿ ಸೌದೆ ಸರಿಸುತ್ತಿದ್ದರು. ಅವರ ಮುಖದಲ್ಲಿ ಏನೋ ಕಡಿಮೆಯಿತ್ತು. ಬಾಯಿಗೆ ಸದಾ ಕಟ್ಟಿಕೊಳ್ಳುತ್ತಿದ್ದ ಒದ್ದೆ ಬಟ್ಟೆ ಇರಲಿಲ್ಲ.

"ಮಾವ, ಬಟ್ಟೆ?"

"ಯಾಕೆ ಬೇಕು ಇನ್ನು?" ಎಂದು ಮಾವ ಎದೆ ತುಂಬ ಉಸಿರೆಳೆದು, ಕೆಮ್ಮಿ, ಕಣ್ಣೊರೆಸಿಕೊಂಡು ನಕ್ಕರು. "ಇಷ್ಟು ವರ್ಷ ಸುಮ್ಮನೆ ಹೆದರಿದ್ದೆ ನೋಡಿ. ಇದು ಬರೀ ಹಿಟ್ಟಿನ ಕೆಮ್ಮು."

ಅದೇ ಬೆಳಗ್ಗೆ ಅಳಿಯ ಆಫೀಸಿಗೆ ಹೊರಟಾಗ ಟೀಚರು ಪಕ್ಕದ ಕಟ್ಟಡದ ಮೆಟ್ಟಿಲ ಮೇಲೆ ಕೂತಿದ್ದರು. ಇಳಿಯುತ್ತಾ ಅರ್ಧದಲ್ಲಿ ನಿಂತವರಲ್ಲ, ಕೂತವರು. ಕೈಯಲ್ಲಿ ತರಕಾರಿಯ ಖಾಲಿ ಚೀಲ.

"ಹೊಗೆ ಸಾಹೇಬರಾ?"

"ಟೀಚರ್, ಹಾಗೆಲ್ಲ ಕರೀಬೇಡಿ."

"ಒಂದು ಲೆಕ್ಕ ಕೇಳ್ತೀನಿ, ಹೇಳಪ್ಪ. ಒಲೇಲಿ ಸೌದೆ ಉರೀತಾ ಇದೆ. ಹೊಗೆ ಸೊನ್ನೆ. ಹಾಗಾದ್ರೆ ನಾನು ಕೆಮ್ಮಿ ಕೆಮ್ಮಿ ಹೊರಗೆ ಹಾಕ್ತಾ ಇರೋದು ಏನು?"

ಅಳಿಯನಿಗೆ ಬಸ್ಸಿಗೆ ಹೊತ್ತಾಗಿತ್ತು.

"ಶುಕ್ರವಾರ ಇನ್‌ಸ್ಪೆಕ್ಟರು ಬಂದಾಗ ನೀನು ಅಲ್ಲಿ ಇರ್ತೀಯಂತೆ" ಎಂದರು ಟೀಚರು. ಮಾತಿನ ನಡುವೆ ಉಸಿರಿಗಾಗಿ ನಿಂತರು. "ನೀನೂ ಸೊನ್ನೆ ಅಂದ್ರೆ ನಾನು ಮನೆ ಖಾಲಿ ಮಾಡಿ ತಂಗಿ ಊರಿಗೆ ಹೋಗ್ತೀನಿ. ಅವಳಿಗೂ ನನಗೂ ಆಗಿಬರಲ್ಲ. ಆದ್ರೆ ಅಲ್ಲಿ ಗಾಳಿ ಇದೆ."

ಆ ದಿನ ಅಳಿಯ ತಾನು ಕೆಲಸಕ್ಕೆ ಸೇರಿದಂದಿನಿಂದ ಮಾಡದಿದ್ದ ಒಂದು ಕೆಲಸ ಮಾಡಿದ. ಪ್ರಶ್ನೆ ಕೇಳಿದ.

ಸೆಕ್ಷನ್ ಮೇಡಂ ಇಂಧನ ವಿಭಾಗದ ಮುಖ್ಯಸ್ಥೆ. ಅವರ ಹಿಂದಿನ ಗೋಡೆಯ ಮೇಲೆ ಹೊಸ ಪೋಸ್ಟರು ಬಂದಿತ್ತು: ಒಂದು ಹಸಿರು ಬಾಣ ಕೆಳಮುಖವಾಗಿ ಇಳಿಯುತ್ತಿತ್ತು. ದೇಶದ ಇಂಗಾಲ ಕಡಿಮೆಯಾಗಿದೆ ಎಂದು ಅದರ ಅರ್ಥ.

"ಮೇಡಂ, ಸೌದೆಗೆ ಯಾಕೆ ಸೊನ್ನೆ ಹಾಕ್ತೀವಿ?"

ಮೇಡಂ ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. ಕುರ್ಚಿಯೇ ಮಾತಾಡಿದ್ದರೂ ಅವರಿಗೆ ಅಷ್ಟು ಆಶ್ಚರ್ಯವಾಗುತ್ತಿರಲಿಲ್ಲ.

"ಮರ ಕಡಿದಾಗಲೇ ಅದರಲ್ಲಿರೋ ಇಂಗಾಲ ಹೋಯ್ತು ಅಂತ ಅರಣ್ಯ ವಿಭಾಗದವರು ಬರ್ಕೋತಾರೆ. ಅದನ್ನ ಒಲೆಗೆ ಹಾಕಿದಾಗ ನಾವೂ ಬರೆದ್ರೆ ಒಂದೇ ಮರ ಎರಡು ಸಲ ಸತ್ತ ಹಾಗಾಗುತ್ತೆ. ಅದಕ್ಕೇ ನಮ್ಮ ಹಾಳೆಯಲ್ಲಿ ಸೊನ್ನೆ."

"ಅಂದ್ರೆ ಹೊಗೆ ಇದೆ."

"ಹೊಗೆ ಇಲ್ಲದೆ ಸೌದೆ ಉರಿಯುತ್ತೇನ್ರೀ?"

ಅಳಿಯ ಮೇಜಿನ ಅಂಚನ್ನು ಹಿಡಿದುಕೊಂಡ. "ಹಾಗಾದ್ರೆ ಆ ಬಾಣ?"

ಮೇಡಂ ತಿರುಗಿ ಪೋಸ್ಟರನ್ನು ನೋಡಿದರು, ಮೊದಲ ಸಲ ನೋಡುವವರ ಹಾಗೆ. "ದೊಡ್ಡ ವಿದ್ಯುತ್ ಸ್ಥಾವರ ಕಲ್ಲಿದ್ದಲು ಬಿಟ್ಟು ಮರದ ಪುಡಿಯ ಉಂಡೆ ಸುಡೋಕೆ ಶುರು ಮಾಡಿದೆ. ನಮ್ಮ ಹಾಳೆಯಲ್ಲಿ ಇಳಿದಿದೆ. ಆಕಾಶದಲ್ಲಿ ಇಳಿಯುತ್ತಾ ಅಂದ್ರೆ, ಕಡಿದ ಜಾಗದಲ್ಲಿ ಮತ್ತೆ ಮರ ಬೆಳೆದ್ರೆ ಇಳಿಯುತ್ತೆ. ಸುಡೋದು ಒಂದು ಗಳಿಗೆ, ಬೆಳೆಯೋದು ಒಂದು ತಲೆಮಾರು. ನಡುವೆ ಇರೋರು ಕಾಯ್ತಾ ಇರಬೇಕು."

"ಈ ಕೆಮ್ಮು, ಮಸಿ..."

"ಅದು ಇಂಗಾಲದ ಲೆಕ್ಕಕ್ಕೇ ಸೇರಲ್ಲ. ಮೂಗಿಗೆ ಹೋಗೋದನ್ನ ನೋಡೋ ಆಫೀಸು ಬೇರೆ ಇದೆ. ಯಾಕೆ ಕೇಳ್ತಿದ್ದೀರಿ?"

"ಮನೇಲಿ ಕೇಳಿದ್ರು ಮೇಡಂ."

"ನೀವು ಏನು ಹೇಳಿದ್ರಿ?"

ಅಳಿಯ ಹಸಿರು ಬಾಣದ ತುದಿಯನ್ನು ನೋಡುತ್ತಾ ನಿಂತ. ಮೇಡಂ ಮೆಲ್ಲಗೆ ಹೇಳಿದರು: "ರಜಾ ಬೇಕಿದ್ರೆ ತಗೊಳ್ಳಿ."

ಅವನು ರಜಾ ತೆಗೆದುಕೊಳ್ಳಲಿಲ್ಲ. ಕಾರಿಡಾರಿನ ಕೊನೆಯಲ್ಲಿದ್ದ ಅರಣ್ಯ ವಿಭಾಗಕ್ಕೆ ಹೋದ. ಮಾವನ ಹೊಗೆ ತನ್ನ ಕೋಣೆಯಲ್ಲಿ ಇಲ್ಲದಿದ್ದರೆ ಇಲ್ಲಾದರೂ ಇರಲೇಬೇಕು. ಎಲ್ಲೋ ಒಂದು ಕಡೆ ಬರೆದಿದ್ದಾರೆ ಎಂದರೆ, ಶುಕ್ರವಾರ ಏನಾದರೂ ಹೇಳಬಹುದು. ಅಲ್ಲಿದ್ದ ಗುಮಾಸ್ತರು ಊಟದ ಡಬ್ಬಿ ತೊಳೆದು ಒರೆಸುತ್ತಿದ್ದರು.

"ನಿಮ್ಮ ಮಾವ ಯಾವ ಮರ ಸುಡ್ತಾರೆ?"

"ಪ್ಯಾಕಿಂಗ್ ಪೆಟ್ಟಿಗೆ ಹಲಗೆ. ಗೋದಾಮಿನಿಂದ ತರ್ತಾರೆ. ಹೊರದೇಶದಿಂದ ಯಂತ್ರ ಬರುತ್ತಲ್ಲ, ಆ ಪೆಟ್ಟಿಗೆಗಳು."

"ಹೊರದೇಶದ ಮರವಾ? ಹಾಗಾದ್ರೆ ನಮ್ಮದಲ್ಲ. ಅದನ್ನ ಕಡಿದ ದೇಶದವರು ಅಲ್ಲೇ ಬರ್ಕೊಂಡಿರ್ತಾರೆ."

"ಬರ್ಕೊಂಡಿದ್ದಾರಾ?"

"ಬರ್ಕೊಂಡಿರ್ತಾರೆ ಅಂತ ನಾವು ನಂಬ್ತೀವಿ. ನಾವು ಬರೆದಿದ್ದನ್ನ ಅವರು ನಂಬ್ತಾರೆ." ಗುಮಾಸ್ತರು ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದರು. "ನಂಬಿಕೆ ಇಲ್ಲದಿದ್ರೆ ಲೆಕ್ಕ ಮುಗಿಯೋದೇ ಇಲ್ಲ ನೋಡಿ."

ಹೀಗೆ ಮಾವನ ಭಟ್ಟಿಯ ಹೊಗೆ ಇಂಧನದ ಕೋಣೆಯಿಂದ ಅರಣ್ಯದ ಕೋಣೆಗೆ, ಅಲ್ಲಿಂದ ಸಮುದ್ರ ದಾಟಿ ಹೆಸರು ಗೊತ್ತಿಲ್ಲದ ಒಂದು ದೇಶಕ್ಕೆ ಹೋಗಿ, ಅಲ್ಲಿ ಯಾರೋ ಬರೆದಿರಬೇಕೆಂಬ ವಿಶ್ವಾಸದಲ್ಲಿ ವಿಶ್ರಾಂತಿ ಪಡೆಯಿತು. ನಿಜವಾದ ಹೊಗೆಗೆ ಇಷ್ಟೊಂದು ಓಡಾಟ ಇರಲಿಲ್ಲ. ಅದು ಟೀಚರ ಕಿಟಕಿಯವರೆಗೆ ಹೋದರೆ ಸಾಕಿತ್ತು.

ಗುರುವಾರ ಸಂಜೆ ಅಳಿಯ ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ಮಂಚದ ತುದಿಯಲ್ಲಿ ಕೂತು ಪೂರ್ತಿ ಕೇಳಿದಳು. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವನಿಗೆ ಎಷ್ಟೋ ಅನುಕೂಲವಾಗುತ್ತಿತ್ತು.

"ಇವತ್ತು ಅಪ್ಪ ಗೋದಾಮಿನವರ ಹತ್ರ ನಿಮ್ಮ ಬಗ್ಗೆ ಮಾತಾಡ್ತಿದ್ರು" ಎಂದಳು. "ನಮ್ಮ ಮನೇಲಿ ಒಬ್ಬ ಲೆಕ್ಕ ಗೊತ್ತಿರೋನು ಇದ್ದಾನೆ ಅಂತ. ತಮ್ಮನೂ ಅಲ್ಲೇ ಇದ್ದ. ಏನೂ ಅನ್ನಲಿಲ್ಲ."

"ಈಗಲೇ ಹೋಗಿ ಹೇಳಿಬಿಡ್ಲಾ?"

"ಏನಂತ?"

"ಸೊನ್ನೆ ಅಂದ್ರೆ ಇಲ್ಲ ಅಂತಲ್ಲ, ಇನ್ನೊಂದು ಕೋಣೇಲಿ ಬರೆದಿದೆ ಅಂತ."

"ಹೇಳಿದ್ರೆ ಭಟ್ಟಿ ಹೋಗುತ್ತೆ. ಹೇಳದಿದ್ರೆ ಟೀಚರ್ ಹೋಗ್ತಾರೆ." ಅವಳು ದಿಂಬಿನ ಮೇಲಿನ ಒಂದು ಮಸಿಯ ಚುಕ್ಕೆಯನ್ನು ಉಗುರಿನಿಂದ ಕೆರೆದಳು. ಅದು ಹೋಗಲಿಲ್ಲ, ಹರಡಿತು. "ಮತ್ತೆ ಅಪ್ಪ ಬಟ್ಟೆ ಕಟ್ಟದೆ ನಿಂತಿದ್ದಾರೆ. ಅದಕ್ಕೆ ಏನು ಮಾಡ್ತೀರಾ?"

ಅಳಿಯ ಎದ್ದು ಬೇಕರಿಗೆ ಹೋದ. ಮಾವ ಹಿಟ್ಟು ನಾದುತ್ತಿದ್ದರು.

"ಮಾವ, ಒಂದು ವಿಷಯ."

"ಹೇಳಿ, ಹೇಳಿ. ನಾಳೆ ಹಾಕ್ಕೊಳ್ಳೋಕೆ ನಿಮ್ಮ ಬಿಳಿ ಅಂಗಿ ಇಸ್ತ್ರಿಗೆ ಕೊಟ್ಟಿದ್ದೀನಿ. ಲಾಂಡ್ರಿಯವರು ದುಡ್ಡು ಬೇಡ ಅಂದ್ರು."

"ಆ ಸೊನ್ನೆ ಇದೆಯಲ್ಲ..."

ಮಾವ ಹಿಟ್ಟಿನಿಂದ ಕೈ ತೆಗೆದು, ಮುಂಗೈಯಿಂದ ಹಣೆ ಒರೆಸಿಕೊಂಡರು. ಅವರ ಧ್ವನಿ ಇದ್ದಕ್ಕಿದ್ದಂತೆ ತಗ್ಗಿತು. "ನಮ್ಮಪ್ಪ ಸಾಯೋ ಹಿಂದಿನ ದಿನವೂ ಈ ಭಟ್ಟಿ ಮುಂದೆ ನಿಂತಿದ್ರು. ನೋಟಿಸ್ ನೋಡಿದಾಗ ನನ್ನ ಕೈಲೇ ಮುಗೀತಲ್ಲ ಅಂತ ಅನ್ನಿಸ್ತು. ಯಾರ ಹತ್ರನೂ ಹೇಳಿರಲಿಲ್ಲ. ನೀವು ಆ ಮಾತು ಹೇಳಿದ್ರಿ, ನಿದ್ದೆ ಬಂತು ನೋಡಿ ನನಗೆ." ಆಮೇಲೆ ಕೆಮ್ಮಿದರು, ಬಹಳ ಹೊತ್ತು, ನಾದುವ ಮೇಜನ್ನು ಹಿಡಿದುಕೊಂಡು. "ಏನೋ ಹೇಳ್ತಿದ್ರಿ."

"ಅಂಗಿ ಕಾಲರಿಗೆ ಗಂಜಿ ಜಾಸ್ತಿ ಬೇಡ ಅಂತ ಹೇಳ್ಬೇಕಿತ್ತು" ಎಂದ ಅಳಿಯ.

ಶುಕ್ರವಾರ ಬೇಕರಿಯ ಹಿತ್ತಲಲ್ಲಿ ನಿಲ್ಲಲು ಜಾಗವಿರಲಿಲ್ಲ. ಸೌದೆಯ ರಾಶಿಯ ಪಕ್ಕದಲ್ಲಿ ಲಾಂಡ್ರಿಯವರು, ಬಾಗಿಲಲ್ಲಿ ಭಾವಮೈದ, ಮೆಟ್ಟಿಲ ಮೇಲೆ ಹೆಂಡತಿ, ಗೋಡೆಯ ಮೇಲಿಂದ ತಲೆ ಹಾಕಿದ ನೆರೆಯವರು. ಟೀಚರಿಗೆ ಒಂದು ಕುರ್ಚಿ ಕೊಟ್ಟಿದ್ದರು. ಮಾವನೇ ಒರೆಸಿ ಕೊಟ್ಟಿದ್ದರು. ಜಗಳ ಇರುವುದು ಹೊಗೆಯ ಮೇಲೆ, ಕುರ್ಚಿಯ ಮೇಲಲ್ಲ. ಗರಿಗರಿ ಬಿಳಿ ಅಂಗಿಯಲ್ಲಿ ಕುತ್ತಿಗೆ ತಿರುಗಿಸಲಾಗದೆ ಅಳಿಯ ಭಟ್ಟಿಯ ಪಕ್ಕದಲ್ಲಿ ನಿಂತಿದ್ದ. ಗಂಜಿ ಜಾಸ್ತಿಯೇ ಆಗಿತ್ತು.

ಇನ್‌ಸ್ಪೆಕ್ಟರು ಸಣ್ಣಗಿನ, ಬೆವರುವ ಮನುಷ್ಯ. ಹಿತ್ತಲಿಗೆ ಬಂದವರೇ ಕಣ್ಣುಜ್ಜಿಕೊಂಡರು, ಕರವಸ್ತ್ರ ಮೂಗಿಗೆ ಹಿಡಿದರು, ಚಿಮಣಿಯನ್ನೂ ಎದುರಿನ ಕಿಟಕಿಯನ್ನೂ ನೋಡಿದರು. ಟೀಚರು ಒಂದು ದಿಂಬಿನ ಚೀಲವನ್ನು ಅವರ ಕೈಗೆ ಕೊಟ್ಟರು. ಅದು ಬಿಳಿಯದೆಂದು ಹೇಳಿದರೆ ಮಾತ್ರ ನಂಬಬಹುದಾಗಿತ್ತು.

"ಇದು ಕಪ್ಪಾಗಿದೆಯಲ್ಲ" ಎಂದರು ಇನ್‌ಸ್ಪೆಕ್ಟರು.

"ಕಪ್ಪಾಗಿರಬಹುದು" ಎಂದರು ಮಾವ. "ಲೆಕ್ಕದಲ್ಲಿ ಇಲ್ಲ."

"ಯಾರ ಲೆಕ್ಕದಲ್ಲಿ?"

"ದೇಶದ ಲೆಕ್ಕದಲ್ಲಿ." ಮಾವ ಅಳಿಯನ ಭುಜದ ಮೇಲೆ ಕೈಯಿಟ್ಟರು. ಬಿಳಿ ಅಂಗಿಯ ಮೇಲೆ ಐದು ಬೆರಳುಗಳ ಹಿಟ್ಟು ಮೂಡಿತು. "ಇವರು ನಮ್ಮ ಅಳಿಯಂದಿರು. ದೇಶದ ಹೊಗೆಯ ಆಫೀಸಿನವರು."

ಇನ್‌ಸ್ಪೆಕ್ಟರು ಮೂಗಿನಿಂದ ಕರವಸ್ತ್ರ ತೆಗೆದರು. ವಾರ್ಡಿನ ಮಟ್ಟದ ಮನುಷ್ಯ ದೇಶದ ಮಟ್ಟದ ಮನುಷ್ಯನ ಎದುರು ಮೂಗು ಮುಚ್ಚಿಕೊಂಡು ನಿಲ್ಲುವುದು ಸರಿಯಲ್ಲ ಎಂದು ಅವರಿಗೆ ಅನ್ನಿಸಿರಬೇಕು.

"ಸರ್, ನೀವು ಮೇಲಿನ ಆಫೀಸಿನವರು ಅಂತ ಗೊತ್ತಿರಲಿಲ್ಲ. ನಾನು ಏನೋ ಬರೆದು, ಆಮೇಲೆ ಮೇಲಿಂದ ಕೇಳಿದ್ರೆ ನನಗೆ ಕಷ್ಟ. ನೀವೇ ಒಂದು ಮಾತು ಹೇಳಿ. ಹೊಗೆ ಇದೆಯಾ, ಇಲ್ವಾ? ನೀವು ಹೇಳಿದ್ದನ್ನೇ ಬರ್ಕೊಂಡು ಹೋಗ್ತೀನಿ."

ಭಟ್ಟಿಯೊಳಗೆ ಒಂದು ಹಲಗೆ ಚಟ್ಟೆಂದು ಸಿಡಿಯಿತು. ಮಾವನ ಕೈ ಭುಜವನ್ನು ಸ್ವಲ್ಪ ಒತ್ತಿತು. ಟೀಚರ ಉಸಿರಿನ ಸುಂಯ್ ಎನ್ನುವ ಸದ್ದು ಕೇಳುತ್ತಿತ್ತು. ಮೆಟ್ಟಿಲ ಮೇಲೆ ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

"ಸೊನ್ನೆ" ಎಂದ ಅಳಿಯ.

ಮಾವ ಉಸಿರು ಬಿಟ್ಟರು. ಟೀಚರು ಕಣ್ಣು ಮುಚ್ಚಿದರು. ಇನ್‌ಸ್ಪೆಕ್ಟರು ಪೆನ್ನು ತೆರೆದರು.

"ಆದರೆ" ಎಂದ ಅಳಿಯ.

ಪೆನ್ನು ನಿಂತಿತು.

"ಆದರೆ ಇದು ಎತ್ತರದ ಸೊನ್ನೆ."

"ಅಂದ್ರೆ, ಸರ್?"

ಅಂದರೆ ಏನೆಂದು ಅಳಿಯನಿಗೂ ಆ ಕ್ಷಣದವರೆಗೆ ತಿಳಿದಿರಲಿಲ್ಲ. ಅವನು ಚಿಮಣಿಯನ್ನು ನೋಡಿದ. "ಅಕ್ಕಪಕ್ಕದ ಎಲ್ಲಾ ಚಾವಣಿಗಳಿಗಿಂತ ಮೇಲೆ ಬಿಟ್ಟ ಹೊಗೆಗೆ ಮಾತ್ರ ಸೊನ್ನೆ. ಅದಕ್ಕಿಂತ ಕೆಳಗೆ ಬಿಟ್ರೆ ಈ ನಿಯಮ ಅನ್ವಯ ಆಗಲ್ಲ."

"ಕೆಳಗೆ ಬಿಟ್ರೆ?" ಎಂದು ಕೇಳಿದ್ದು ಮಾವ.

"ಪೂರ್ತಿ ಲೆಕ್ಕಕ್ಕೆ ಬರುತ್ತೆ ಮಾವ. ಕಲ್ಲಿದ್ದಲಿನ ಜೊತೆ."

ಮಾವನ ಕೈ ಭುಜದಿಂದ ಜಾರಿತು. ಎದುರಿನ ಸೌದೆ ರಾಶಿಯ ಪಕ್ಕದಲ್ಲಿ ಲಾಂಡ್ರಿಯವರು ಒಂದು ಹೆಜ್ಜೆ ಹಿಂದೆ ಸರಿದರು.

"ಭಾವ, ಇದನ್ನ ಮೊದಲೇ ಯಾಕೆ ಹೇಳಲಿಲ್ಲ?" ಎಂದ ಭಾವಮೈದ ಬಾಗಿಲಿನಿಂದ.

"ಊಟದ ಹೊತ್ತಲ್ಲಿ ಎಲ್ಲಾ ನಿಯಮ ಹೇಳೋಕಾಗುತ್ತಾ?" ಎಂದ ಅಳಿಯ. ಅವನಿಗೆ ಈಗ ಧ್ವನಿ ಬಂದಿತ್ತು. ಸುಳ್ಳಿಗೆ ಒಂದು ಗುಣವಿದೆ; ಮೊದಲನೆಯದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ನಂತರದವು ಅದನ್ನೇ ಮೆಟ್ಟಿಲು ಮಾಡಿಕೊಂಡು ಇಳಿದು ಬರುತ್ತವೆ. "ಇನ್ನೊಂದು. ಬಣ್ಣ ಬಳಿದ ಹಲಗೆ, ಹಸಿ ಹಲಗೆ ಸೊನ್ನೆಗೆ ಸೇರಲ್ಲ. ಒಣಗಿದ, ಬರೀ ಮರ ಮಾತ್ರ."

"ಒಣಗಿದ, ಬರೀ ಮರ" ಎಂದು ಬರೆದುಕೊಳ್ಳುತ್ತಾ ಇನ್‌ಸ್ಪೆಕ್ಟರು ಕೇಳಿದರು, "ಮತ್ತೆ, ಸರ್?"

ಅಳಿಯ ಮಾವನ ಮುಖವನ್ನು ನೋಡಿದ. "ಭಟ್ಟಿ ಮುಂದೆ ನಿಲ್ಲೋರು ಬಾಯಿಗೆ ಒದ್ದೆ ಬಟ್ಟೆ ಕಟ್ಟಿರಬೇಕು. ಕಡ್ಡಾಯ."

"ಅದ್ಯಾಕೆ ಸರ್?"

ಇಲ್ಲಿ ಅಳಿಯ ತಡವರಿಸಿದ. ಎತ್ತರಕ್ಕೆ ಕಾರಣ ಹೊಳೆದಿತ್ತು, ಸೌದೆಗೂ ಹೊಳೆದಿತ್ತು. ಬಟ್ಟೆಗೆ ಏನೂ ಹೊಳೆಯಲಿಲ್ಲ. ಇನ್‌ಸ್ಪೆಕ್ಟರ ಪೆನ್ನು ಗಾಳಿಯಲ್ಲಿ ಕಾಯುತ್ತಿತ್ತು. ಭಾವಮೈದನ ಹುಬ್ಬು ನಿಧಾನವಾಗಿ ಮೇಲೇರುತ್ತಿತ್ತು. ಮಾವ ಅಳಿಯನ ಕಡೆ, ಅಳಿಯ ನೆಲದ ಕಡೆ ನೋಡುತ್ತಿದ್ದರು.

"ಮನುಷ್ಯನ ಉಸಿರಲ್ಲೂ ಇಂಗಾಲ ಇರುತ್ತೆ" ಎಂದಿತು ಕುರ್ಚಿಯಿಂದ ಒಂದು ಧ್ವನಿ. ಟೀಚರು. "ಎರಡೂ ಬೆರೆತರೆ ಯಾವುದು ಭಟ್ಟಿಯದು, ಯಾವುದು ಮನುಷ್ಯನದು ಅಂತ ಹೇಗೆ ಕಳೀತೀರಿ? ಕಳೆಯೋ ಲೆಕ್ಕ ಅದು. ಅಷ್ಟೂ ಗೊತ್ತಾಗಲ್ವಾ?"

ಇನ್‌ಸ್ಪೆಕ್ಟರು ತಕ್ಷಣ ಬರೆದುಕೊಂಡರು. ಗಣಿತದ ಟೀಚರ ಎದುರು ಗೊತ್ತಾಗಲಿಲ್ಲ ಎಂದು ಒಪ್ಪಿಕೊಂಡು ನಿಲ್ಲುವ ವಯಸ್ಸು ಅವರದಲ್ಲ. ಅಳಿಯ ತಲೆ ಎತ್ತಿ ಟೀಚರನ್ನು ನೋಡಿದ. ಅವರು ತಮ್ಮ ದಿಂಬಿನ ಚೀಲವನ್ನು ಮಡಿಸುತ್ತಿದ್ದರು, ಬಹಳ ಗಂಭೀರವಾಗಿ, ಮೂಲೆಗೆ ಮೂಲೆ ಕೂಡಿಸಿ.

ಭಟ್ಟಿಗೆ ಬೀಗ ಬೀಳಲಿಲ್ಲ. ಚಿಮಣಿ ಎತ್ತರಿಸುವವರೆಗೆ ಬೆಂಕಿ ಹಾಕಬಾರದೆಂದು ಇನ್‌ಸ್ಪೆಕ್ಟರು ಬರೆದು ಸಹಿ ಹಾಕಿದರು. ಹೋಗುವಾಗ ಅಳಿಯನಿಗೆ ಎರಡು ಸಲ ನಮಸ್ಕಾರ ಮಾಡಿದರು.

ತಗಡಿನವನು ಮಧ್ಯಾಹ್ನವೇ ಬಂದ. ಮಾವ ಅವನ ಪಕ್ಕದಲ್ಲಿ ನಿಂತು, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಹೇಳಿ ಹೇಳಿ, ಬೀದಿಯ ಎಲ್ಲ ಚಾವಣಿಗಳನ್ನೂ ದಾಟುವಷ್ಟು ಎತ್ತರದ ಕೊಳವೆ ಹಾಕಿಸಿದರು. ಕಲ್ಲಿದ್ದಲಿನ ಸಾಲಿಗೆ ಸೇರುವ ಭಯ ಅಷ್ಟಿತ್ತು. ಲಾಂಡ್ರಿಯವರು ಎತ್ತರದ ಕೊಳವೆಯ ರಗಳೆಯೇ ಬೇಡವೆಂದು ಗ್ಯಾಸಿಗೆ ಮರಳಿದರು. ದೇಶದ್ರೋಹವನ್ನು ಮುಂದುವರಿಸುತ್ತಿದ್ದೇನೆಂದು ಕಂಡಕಂಡವರ ಎದುರು ಮರುಗುತ್ತಲೂ ಇದ್ದರು. ಮಾವ ಬಟ್ಟೆ ಕಟ್ಟಿಕೊಳ್ಳದೆ ಭಟ್ಟಿಯ ಹತ್ತಿರ ಸುಳಿಯಲಿಲ್ಲ. ಭಾವಮೈದ ಒಮ್ಮೆ ಬಟ್ಟೆಯಿಲ್ಲದೆ ಸೌದೆ ಸರಿಸಲು ಹೋದಾಗ "ಲೆಕ್ಕ ಕೆಡಿಸ್ಬೇಡ ಕಣೋ" ಎಂದು ಅವನನ್ನು ಗದರಿ ಹಿಂದಕ್ಕೆಳೆದರು. ಟೀಚರ ಕಿಟಕಿ ದಿನವಿಡೀ ತೆರೆದಿರತೊಡಗಿತು. ಅವರು ತಂಗಿಯ ಊರಿಗೆ ಹೋಗಲಿಲ್ಲ. ಮೆಟ್ಟಿಲಲ್ಲಿ ಸಿಕ್ಕಾಗ ಅಳಿಯನಿಗೆ ಹೇಳಿ ಹೋದರು: "ಉತ್ತರ ಸರಿ ಇತ್ತು. ಮಾಡಿದ ಕ್ರಮ ಪೂರ್ತಿ ತಪ್ಪು. ಅರ್ಧ ಅಂಕ."

ಕೆಲವು ವಾರಗಳ ನಂತರ ಒಂದು ಭಾನುವಾರ ಊಟ ಮುಗಿಸಿ ಮಾವ ಅಳಿಯನನ್ನು ತಾರಸಿಗೆ ಕರೆದುಕೊಂಡು ಹೋದರು. ಕೊಳವೆಯನ್ನು ತೋರಿಸುವುದು ಅವರ ಉದ್ದೇಶ. ಅಳಿಯ ಅದನ್ನು ಆಗಲೇ ಎಷ್ಟೋ ಸಲ ನೋಡಿದ್ದ. ಹೊಗೆ ನೆಟ್ಟಗೆ ಏರಿ, ತಮ್ಮ ಬೀದಿಯ ಚಾವಣಿಗಳನ್ನೆಲ್ಲ ದಾಟಿ, ಅಲ್ಲಿ ಗಾಳಿಗೆ ಸಿಕ್ಕು ಒಂದು ಕಡೆಗೆ ವಾಲುತ್ತಿತ್ತು. ವಾಲಿ, ನಿಧಾನವಾಗಿ ಇಳಿಯುತ್ತಾ, ರೈಲು ಹಳಿಯ ಆಚೆಯ ತಗ್ಗಿನಲ್ಲಿದ್ದ ಸಾಲು ಮನೆಗಳ ಮೇಲೆ ಹರಡುತ್ತಿತ್ತು. ಅಲ್ಲಿ ಯಾರೋ ಒಬ್ಬ ಹೆಂಗಸು ಹಗ್ಗದ ಮೇಲಿನ ಬಟ್ಟೆಗಳನ್ನು ಅವಸರದಲ್ಲಿ ಒಳಗೆ ಎಳೆದುಕೊಳ್ಳುತ್ತಿದ್ದಳು.

ಮಾವ ಹಣೆಗೆ ಕೈ ಅಡ್ಡ ಹಿಡಿದು ಅದನ್ನೇ ನೋಡಿದರು.

"ಅಷ್ಟು ದೂರ ಹೋದ ಮೇಲೆ ಅದು ಯಾರದ್ದೂ ಅಲ್ಲ, ಅಲ್ವಾ?" ಎಂದು ಕೇಳಿದರು. ಕೇಳಿದ ಧ್ವನಿಯಲ್ಲಿ ಮೊದಲಿನ ಖಾತರಿ ಇರಲಿಲ್ಲ. ಅವರು ನಿಜವಾಗಿಯೂ ಉತ್ತರಕ್ಕೆ ಕಾದರು, ಬಹುಶಃ ಯಾವ ಉತ್ತರ ಬಂದಿದ್ದರೂ ಕೇಳಿಸಿಕೊಳ್ಳುತ್ತಿದ್ದರು.

ಕೆಳಗಿನಿಂದ ಹೆಂಡತಿ ಚಹಾಕ್ಕೆ ಕರೆದಳು. ಅಳಿಯ ಮೆಟ್ಟಿಲಿನ ಕಡೆ ತಿರುಗಿ, ಮಾವನಿಗೆ ಕೈ ಆಸರೆ ಕೊಟ್ಟು ಇಳಿಸಿದ.

ಅದು ಇನ್ನೂ ನಮ್ಮದೇ ಹೊಗೆ ಎಂದು ಅವನು ಅವರಿಗೆ ಎಂದೂ ಹೇಳಲಿಲ್ಲ.